ಹತ್ತದ ಒಲೆಗೆ ಎರಡನೇ ಕಡ್ಡಿ ಗೀರುವ ಮುನ್ನ

ಹಾಸನ: ಬೆಳಗಿನ ಜಾವ ನಾಲ್ಕೂವರೆ. ಊರು ಇನ್ನೂ ಕಂಬಳಿ ಹೊದ್ದು ಮಲಗಿದೆ. ಬಿ.ಎಂ. ರಸ್ತೆ ಕಡೆಯ ಒಂದು ಬೇಕರಿಯ ಹಿಂಭಾಗದಲ್ಲಿ ಮಾತ್ರ ದೀಪ ಉರಿಯುತ್ತಿದೆ. ಟಿನ್ನಿಗೆ ಹಾಕಿಟ್ಟ ಬ್ರೆಡ್ಡಿನ ಹಿಟ್ಟು ಉಬ್ಬಿ ಬಾಯಿಗೆ ಬಂದಿದೆ. ಆರು ಗಂಟೆ ಬಸ್ಸಿನವರಿಗೆ ಬಿಸಿ ಬನ್ನು ಆಗಬೇಕು, ಸಂತೆಪೇಟೆ ಹೋಟೆಲುಗಳಿಗೆ ಬ್ರೆಡ್ಡು ಹೋಗಬೇಕು. ಉಳಿದಿರುವುದು ಒಂದೇ ಕೆಲಸ, ಗ್ಯಾಸ್ ಓವನ್ ಹತ್ತಿಸುವುದು.

ಓವನ್ ಹತ್ತಲಿಲ್ಲ.

ಕೆಲಸದ ಹುಡುಗ ನಾಬ್ ತಿರುಗಿಸಿ ಕಡ್ಡಿ ಗೀರಿ ಕಿಂಡಿಗೆ ಹಿಡಿದ. ಸುಯ್ ಅನ್ನುವ ಸದ್ದು ಕೇಳುತ್ತಿದೆ, ಬೆಂಕಿ ಮಾತ್ರ ಇಲ್ಲ. ಇನ್ನೊಂದು ಗೀರಿದ. ಅದು ಗಾಳಿಗೆ ಆರಿತು. ಪೊಟ್ಟಣ ಖಾಲಿ. "ಇರಣ್ಣಾ, ಬಂದೆ" ಎಂದವನೇ ಹೊಸ ಪೊಟ್ಟಣ ತರಲು ಅಂಗಡಿ ಮುಂಭಾಗಕ್ಕೆ ಓಡಿದ. ನಾಬ್ ತಿರುಗಿಸಿದ್ದು ಹಾಗೇ ಇತ್ತು. ವಾಪಸು ಬಂದು ಮೂರನೇ ಕಡ್ಡಿ ಗೀರಿದ್ದೇ ತಡ, ಭಗ್ ಎಂದಿತು.

ಹುಬ್ಬು ಹೋಯಿತು, ಮುಂಗೂದಲು ಕರಕಲಾಯಿತು, ಬಲಗೈ ಮೊಣಕೈವರೆಗೆ ಕೆಂಪಾಯಿತು. ಕಣ್ಣು ಉಳಿದದ್ದು ಪುಣ್ಯ. ಅಂದು ಬೆಳಿಗ್ಗೆ ಬನ್ನಿಗೆ ಬಂದ ಗಿರಾಕಿಗಳೆಲ್ಲ ಬರಿಗೈಲಿ ಬಸ್ಸು ಹತ್ತಿದರು. ಉಬ್ಬಿದ್ದ ಹಿಟ್ಟು ಹುಳಿ ಬಂದು ತಿಪ್ಪೆ ಸೇರಿತು.

ಮಾಲೀಕರು ಮೊದಲು ಬೈದದ್ದು ಹುಡುಗನನ್ನೇ. "ಕಡ್ಡಿ ಗೀರೋಕೂ ಬರಲ್ವೇನೋ ನಿಂಗೆ?" ಎಂದರು. ಹತ್ತು ಗಂಟೆಗೆ ರಿಪೇರಿ ಮೇಸ್ತ್ರಿ ಬಂದು ಓವನ್ನಿನ ತಳ ಬಿಚ್ಚಿ ನೋಡಿದ ಮೇಲೆ ಅವರ ಬಾಯಿ ಕಟ್ಟಿತು.

"ಸ್ವಾಮಿ, ಹುಡುಗನಿಗೆ ಗೀರೋದು ಚೆನ್ನಾಗೇ ಬರುತ್ತೆ. ಗೀರದೆ ಇರೋದು ಯಾವಾಗ ಅಂತ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ" ಎಂದರು ಮೇಸ್ತ್ರಿ.

ಸೌದೆ ಒಲೆಯ ಬುದ್ಧಿ

ಬೇಕರಿ ಎಂದರೆ ಹಾಸನ ಜಿಲ್ಲೆಗೆ ಹೊಸದೇನಲ್ಲ. ಈ ಜಿಲ್ಲೆಯಿಂದ ಹೋದ ಅಯ್ಯಂಗಾರರು ಬೆಂಗಳೂರಿನಲ್ಲಿ ಬೇಕರಿ ಇಟ್ಟದ್ದು 1898ರಷ್ಟು ಹಿಂದೆ. ಇವತ್ತು ರಾಜ್ಯದ ಯಾವ ಊರಿಗೆ ಹೋದರೂ ಅಯ್ಯಂಗಾರ್ ಬೇಕರಿ ಎನ್ನುವ ಬೋರ್ಡು ಕಾಣುತ್ತದೆ. ಆದರೆ ಆ ಕಾಲದ ಬೇಕರಿ ಉರಿದದ್ದು ಸೌದೆಯಲ್ಲಿ. ಮನೆಯ ಅಡುಗೆಯೂ ಅಷ್ಟೆ. ದೇಶದಲ್ಲಿ ಇಂಡೇನ್ ಗ್ಯಾಸಿನ ಮೊದಲ ಸಂಪರ್ಕ ಕೊಟ್ಟದ್ದು 1965ರಲ್ಲಿ, ಕಲ್ಕತ್ತೆಯಲ್ಲಿ. ಹಳ್ಳಿಯ ಎಷ್ಟೋ ಮನೆಗಳಿಗೆ ಸಿಲಿಂಡರ್ ಬಂದದ್ದು 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ. ಹೀಗಾಗಿ ಒಲೆ ಗ್ಯಾಸಿನದಾದರೂ ನಮ್ಮ ಕೈಗೆ ಇರುವುದು ಇನ್ನೂ ಸೌದೆ ಒಲೆಯ ಬುದ್ಧಿ.

ಸೌದೆ ಹತ್ತದಿದ್ದರೆ ಏನು ಮಾಡುತ್ತೇವೆ? ಊದುಗೊಳವೆ ತಗೊಂಡು ಊದುತ್ತೇವೆ. ಇನ್ನೊಂದು ಕಡ್ಡಿ ಗೀರುತ್ತೇವೆ. ಒಂದಿಷ್ಟು ತೆಂಗಿನ ಗರಿ ತುರುಕುತ್ತೇವೆ. ಬಿಡದೆ ಪ್ರಯತ್ನ ಮಾಡಿದಷ್ಟೂ ಸೌದೆ ಒಲೆ ಒಲಿಯುತ್ತದೆ. ಹತ್ತದೆ ಇರುವ ಸೌದೆ ಸುಮ್ಮನೆ ಬಿದ್ದಿರುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ.

ಗ್ಯಾಸ್ ಹಾಗಲ್ಲ. ಹತ್ತದೆ ಇರುವ ಗ್ಯಾಸ್ ಹತ್ತಿದ ಗ್ಯಾಸಿಗಿಂತ ಅಪಾಯ. ನಾಬ್ ತೆರೆದಿರುವಷ್ಟು ಹೊತ್ತೂ ಅದು ಬರುತ್ತಲೇ ಇರುತ್ತದೆ, ಕೂಡುತ್ತಲೇ ಇರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಗ್ಯಾಸ್ ಒಲೆ ಮುಂದೆ ನಿಂತವರಿಗೇ ಮಾಡಿಸಿದಂತಿದೆ.

ಗ್ಯಾಸ್ ಎಲ್ಲಿಗೆ ಹೋಗಿತ್ತು?

ಮೇಸ್ತ್ರಿ ಬಿಚ್ಚಿ ತೋರಿಸಿದ್ದು ಇದು. ಓವನ್ನಿನ ಬರ್ನರ್ ಮನೆ ಒಲೆಯ ಹಾಗೆ ದುಂಡಗಿಲ್ಲ. ಉದ್ದನೆಯ ಕೊಳವೆ, ಅದರ ಮೈಗೆ ಸಾಲಾಗಿ ಸಣ್ಣ ತೂತುಗಳು. ಮುಂಭಾಗದ ಏಳೆಂಟು ತೂತು ತುಕ್ಕು, ಹಿಟ್ಟಿನ ಪುಡಿ, ಸುಟ್ಟ ಎಣ್ಣೆ ಸೇರಿ ಮುಚ್ಚಿಹೋಗಿದ್ದವು. ಹಿಂಭಾಗದ ತೂತು ಸರಿಯಾಗಿದ್ದವು. ಹುಡುಗ ಕಡ್ಡಿ ಹಿಡಿದದ್ದು ಮುಂಭಾಗದ ಕಿಂಡಿಗೆ, ಗ್ಯಾಸ್ ಬಂದದ್ದು ಹಿಂಭಾಗಕ್ಕೆ. ಕಡ್ಡಿಗೆ ಗ್ಯಾಸ್ ಸಿಗಲಿಲ್ಲ. ಆದರೆ ಪೆಟ್ಟಿಗೆ ತುಂಬುತ್ತಾ ಬಂತು.

ಇಲ್ಲೊಂದು ಲೆಕ್ಕ ತಿಳಿದಿರಬೇಕು. ಗ್ಯಾಸ್ ತಾನೊಂದೇ ಉರಿಯುವುದಿಲ್ಲ, ಗಾಳಿ ಬೆರೆಯಬೇಕು. ಬೆರೆತ ನೂರು ಪಾಲಿನಲ್ಲಿ ಗ್ಯಾಸ್ ಸುಮಾರು 2ರಿಂದ 9 ಪಾಲಿನೊಳಗೆ ಇದ್ದರೆ ಮಾತ್ರ ಬೆಂಕಿ ಹಿಡಿಯುತ್ತದೆ. ಅದಕ್ಕಿಂತ ಕಮ್ಮಿಯಾದರೂ ಇಲ್ಲ, ಜಾಸ್ತಿಯಾದರೂ ಇಲ್ಲ. ಹುಡುಗನ ಮೊದಲ ಕಡ್ಡಿಗೆ ಮುಂಭಾಗದಲ್ಲಿ ಇದ್ದದ್ದು ತೀರಾ ಕಮ್ಮಿ. ಪೊಟ್ಟಣ ತಂದು ಬರುವಷ್ಟರಲ್ಲಿ ಓವನ್ ಪೂರ್ತಿ ಸರಿಯಾದ ಹದಕ್ಕೆ ಬಂದಿತ್ತು. ಬರ್ನರ್ ಮೇಲೆ ಸಾಲಾಗಿ ನಿಧಾನ ಉರಿಯಬೇಕಾದದ್ದು ಒಂದೇ ಗಳಿಗೆಯಲ್ಲಿ ಉರಿದು ಬಾಗಿಲಿಂದ ಹೊರಗೆ ನುಗ್ಗಿತು.

ತಂತಿ ಬ್ರಷ್ಷಿನಲ್ಲಿ ಹತ್ತು ನಿಮಿಷ ತಿಕ್ಕಿ, ಕೊಳವೆ ತಟ್ಟಿ ಪುಡಿ ಉದುರಿಸಿದರು. ಅಷ್ಟೇ ರಿಪೇರಿ. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ.

ಐದು ನಿಮಿಷದ ಲೆಕ್ಕ

ಹಾಗಾದರೆ ಹತ್ತದಿದ್ದಾಗ ಮಾಡಬೇಕಾದ್ದೇನು? ಮೇಸ್ತ್ರಿ ಹೇಳುವ ಕ್ರಮ ಸರಳ.

ಮೊದಲನೆಯದು, ನಾಬ್ ಬಂದ್. ಯೋಚನೆ ಆಮೇಲೆ. ಎರಡನೆಯದು, ಓವನ್ ಬಾಗಿಲು ಪೂರ್ತಿ ತೆಗೆಯಬೇಕು, ಕೋಣೆಯ ಬಾಗಿಲು ಕಿಟಕಿಯನ್ನೂ ತೆಗೆಯಬೇಕು. ಮೂರನೆಯದು, ಕನಿಷ್ಠ ಐದು ನಿಮಿಷ ಕಾಯಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಅದು ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ತಳಕ್ಕೆ ಇಳಿದು ಕೂರುತ್ತದೆ. ಒಂದು ರಟ್ಟಿನಿಂದ ಕೆಳಗಿನಿಂದ ಬೀಸಿ ಹೊರಗೆ ಹಾಕಿದರೆ ಒಳ್ಳೆಯದು. ಕರೆಂಟ್ ಫ್ಯಾನ್ ಹಾಕಬಾರದು, ಸ್ವಿಚ್ಚಿನ ಕಿಡಿಯೇ ಸಾಕು.

ಆಮೇಲೆ ಮತ್ತೆ ಹತ್ತಿಸುವಾಗ ಒಂದು ನಿಯಮ: ಮೊದಲು ಬೆಂಕಿ, ಆಮೇಲೆ ಗ್ಯಾಸ್. ಅಂದರೆ ಓವನ್ ಬಾಗಿಲು ತೆಗೆದೇ ಇಟ್ಟು, ಉದ್ದನೆಯ ಲೈಟರ್ ಅಥವಾ ಕಡ್ಡಿಯ ಬೆಂಕಿಯನ್ನು ಬರ್ನರ್ ಹತ್ತಿರ ಹಿಡಿದು, ಅದು ನಿಂತು ಉರಿಯುತ್ತಿರುವಾಗ ನಾಬ್ ತಿರುಗಿಸುವುದು. ಮುಖ ಕಿಂಡಿಯ ಎದುರಿಗಲ್ಲ, ಪಕ್ಕಕ್ಕೆ. ಎರಡು ಮೂರು ಸೆಕೆಂಡಿನಲ್ಲಿ ಹತ್ತಲಿಲ್ಲವೋ, ಮತ್ತೆ ಬಂದ್. ಆಮೇಲೆ ಕಡ್ಡಿ ಗೀರುವುದಲ್ಲ, ಕಾಯಿಲೆ ಹುಡುಕುವುದು.

"ಐದು ನಿಮಿಷ ಕಾದರೆ ಬಸ್ಸು ಹೋಗ್ತದೆ ಅಂತೀರಿ. ಕಾಯದೆ ಇದ್ದಿದ್ದಕ್ಕೆ ಇವತ್ತು ಎಷ್ಟು ಬಸ್ಸು ಹೋಯ್ತು ಸ್ವಾಮಿ?" ಎಂದು ಮೇಸ್ತ್ರಿ ಕೇಳಿದ ಪ್ರಶ್ನೆಗೆ ಮಾಲೀಕರಲ್ಲಿ ಉತ್ತರ ಇರಲಿಲ್ಲ.

ಕಾಯಿಲೆ ಎಲ್ಲಿದೆ?

ಓವನ್ನಿಗೂ, ಹೋಟೆಲಿನ ಒಲೆಗೂ, ಮನೆಯ ಎರಡು ಬರ್ನರಿನ ಒಲೆಗೂ ಹೆಚ್ಚುಕಮ್ಮಿ ಕಾಯಿಲೆ ಒಂದೇ. ಗ್ಯಾಸ್ ಬರಬೇಕು, ಗಾಳಿ ಬೆರೆಯಬೇಕು, ಕಿಡಿ ಸಿಗಬೇಕು. ಮೂರರಲ್ಲಿ ಯಾವುದು ತಪ್ಪಿದೆ ಎಂದು ಕಿವಿ ಮತ್ತು ಕಣ್ಣಿಂದಲೇ ಅರ್ಧ ತಿಳಿಯುತ್ತದೆ.

ಸದ್ದೇ ಇಲ್ಲವೆಂದರೆ ಗ್ಯಾಸ್ ಬರುತ್ತಿಲ್ಲ. ಪಕ್ಕದ ಬರ್ನರ್ ಹತ್ತುತ್ತದೆಯೇ ನೋಡಿ. ಅದೂ ಹತ್ತದಿದ್ದರೆ ಸಿಲಿಂಡರ್ ಖಾಲಿ, ಇಲ್ಲವೇ ರೆಗ್ಯುಲೇಟರ್ ಬಂದ್, ಇಲ್ಲವೇ ಪೈಪ್ ಎಲ್ಲೋ ಮಡಚಿಕೊಂಡಿದೆ. ಪಕ್ಕದ್ದು ಹತ್ತಿ ಇದೊಂದೇ ಹತ್ತದಿದ್ದರೆ ಈ ಬರ್ನರಿನ ಜೆಟ್ ಕಟ್ಟಿದೆ. ಜೆಟ್ ಎಂದರೆ ಗ್ಯಾಸ್ ಹೊರಬರುವ ಸೂಜಿಮೊನೆಯಷ್ಟು ಸಣ್ಣ ತೂತು. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಪಿನ್ನೋ ಹೊಲಿಗೆ ಸೂಜಿಯೋ ಚುಚ್ಚಿ ತಿರುಗಿಸುತ್ತಾರೆ. ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ. ತೂತು ಒಂದು ಕೂದಲೆಳೆ ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಪಾತ್ರೆ ಮಸಿಯಾಗುತ್ತದೆ, ಗ್ಯಾಸೂ ದಂಡ. ಜೆಟ್ ಕೆಲಸ ಮೆಕ್ಯಾನಿಕ್ಕಿಗೆ ಬಿಡಿ.

ಸದ್ದು ಇದೆ, ಕಿಡಿ ಇಲ್ಲ. ಇದು ಬಟನ್ ಒತ್ತಿ ಹತ್ತಿಸುವ ಒಲೆಗಳ ಕಾಯಿಲೆ. ಶೆಲ್ ಹಾಕುವ ಒಲೆಯಾದರೆ ಶೆಲ್ ಬದಲಿಸಿ ನೋಡಿ. ಒಲೆ ತೊಳೆದ ಮಾರನೇ ದಿನ ಹೀಗಾದರೆ ಕಿಡಿ ಹಾರುವ ಬಿಳಿ ಪಿಂಗಾಣಿ ಕಡ್ಡಿಗೆ ನೀರು ಹೋಗಿದೆ ಎಂದೇ ಅರ್ಥ. ಒಣ ಬಟ್ಟೆಯಲ್ಲಿ ಒರೆಸಿ ಆರಲು ಬಿಡಿ. ಅದರ ತುದಿಗೂ ಬರ್ನರಿಗೂ ನಡುವೆ ಮೂರ್ನಾಲ್ಕು ಮಿಲಿಮೀಟರ್ ಸಂದು ಇರಬೇಕು. ಬಾಗಿ ದೂರ ಹೋದರೆ ಕಿಡಿ ಹಾರುವುದಿಲ್ಲ, ತಾಗಿಕೊಂಡರೂ ಹಾರುವುದಿಲ್ಲ.

ಹತ್ತುತ್ತದೆ, ಆದರೆ ಅರ್ಧ ಮಾತ್ರ. ಬರ್ನರಿನ ಒಂದು ಕಡೆ ಉರಿ, ಇನ್ನೊಂದು ಕಡೆ ಬರೀ ಗ್ಯಾಸ್. ಹಾಲು ಉಕ್ಕಿದ್ದು, ಸಾರು ಚೆಲ್ಲಿದ್ದು, ಒಗ್ಗರಣೆ ಸಾಸಿವೆ ಸಿಡಿದದ್ದು ತೂತಿನಲ್ಲಿ ಕೂತಿದೆ. ಬರ್ನರ್ ತಣ್ಣಗಾದ ಮೇಲೆ ತೆಗೆದು ಬಿಸಿ ಸೋಪಿನ ನೀರಿನಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಪೂರ್ತಿ ಒಣಗಿಸಿ ಕೂರಿಸಬೇಕು. ಒದ್ದೆ ಬರ್ನರ್ ಹಾಕಿ "ಇನ್ನೂ ಹತ್ತಲ್ಲ" ಎನ್ನುವವರು ಬಹಳ. ಮೇಲಿನ ಮುಚ್ಚಳ ವಾರೆಯಾಗಿ ಕೂತರೂ ಇದೇ ಕಥೆ.

ಹತ್ತುತ್ತದೆ, ಉರಿ ಹಳದಿ. ಗಾಳಿ ಸಾಲದು. ಜೆಟ್ಟಿನ ಹಿಂದೆ ಗಾಳಿ ಹೋಗುವ ಕಿಂಡಿಯಲ್ಲಿ ಜೇಡರ ಬಲೆ, ಧೂಳು, ಹಿಟ್ಟು ಇರಬಹುದು. ಸರಿಯಾದ ಉರಿ ನೀಲಿ. ಹಳದಿ ಉರಿಯನ್ನು "ಒಳ್ಳೆ ಜೋರಾಗಿ ಉರೀತಾ ಇದೆ" ಎಂದು ಬಿಡಬಾರದು. ಅದರಿಂದ ಮಸಿ ಮಾತ್ರವಲ್ಲ, ವಾಸನೆ ಬಣ್ಣ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿಯೂ ಬರುತ್ತದೆ. ಚಳಿಗೆ ಬಾಗಿಲು ಹಾಕಿಕೊಂಡು ಕೆಲಸ ಮಾಡುವ ಬೇಕರಿಗಳಲ್ಲಿ ಇದು ತಲೆನೋವಿನಿಂದ ಶುರುವಾಗಿ ಪ್ರಾಣಕ್ಕೇ ಬರಬಹುದು.

ಕೈ ಬಿಟ್ಟರೆ ಆರುವ ಓವನ್

ಈಚಿನ ಓವನ್ನುಗಳದ್ದು ಇನ್ನೊಂದು ದೂರು. ನಾಬ್ ಒತ್ತಿ ಹಿಡಿದಿರುವವರೆಗೂ ಉರಿಯುತ್ತದೆ, ಕೈ ಬಿಟ್ಟ ತಕ್ಷಣ ಆರುತ್ತದೆ. "ಹೊಸ ಓವನ್ನೇ ಕೆಟ್ಟದ್ದು" ಎಂದು ಶಾಪ ಹಾಕುವುದುಂಟು. ಅದು ಕಾವಲುಗಾರ ತನ್ನ ಕೆಲಸ ಮಾಡುವ ರೀತಿ.

ಉರಿಯ ಪಕ್ಕದಲ್ಲಿ ಪೆನ್ಸಿಲ್ ಮೊನೆಯಂಥ ಒಂದು ಕಡ್ಡಿ ಇರುತ್ತದೆ. ಅದಕ್ಕೆ ಥರ್ಮೋಕಪಲ್ ಎನ್ನುತ್ತಾರೆ. ಎರಡು ಬೇರೆ ಲೋಹ ಸೇರಿಸಿ ಮಾಡಿದ್ದು. ಬಿಸಿಯಾದಾಗ ಒಂದು ವೋಲ್ಟಿನ ಸಾವಿರದ ಲೆಕ್ಕದಲ್ಲಿ ಹೇಳುವಷ್ಟು ಸಣ್ಣ ಕರೆಂಟು ಹುಟ್ಟುತ್ತದೆ. ಒಳಗಿನ ಅಯಸ್ಕಾಂತ ಆ ಬಲದಲ್ಲೇ ಗ್ಯಾಸಿನ ಬಾಗಿಲು ತೆರೆದು ಹಿಡಿಯುತ್ತದೆ. ಉರಿ ಆರಿದರೆ ಕಡ್ಡಿ ತಣ್ಣಗಾಗಿ ಬಾಗಿಲು ತಾನಾಗಿ ಮುಚ್ಚುತ್ತದೆ. ಅಂದು ಆ ಹುಡುಗ ನಿಂತಿದ್ದ ಹಳೇ ಓವನ್ನಿನಲ್ಲಿ ಇದು ಇದ್ದಿದ್ದರೆ, ಅವನು ನಾಬ್ ಬಿಟ್ಟು ಓಡಿದಾಗ ಗ್ಯಾಸ್ ತಾನೇ ನಿಲ್ಲುತ್ತಿತ್ತು.

ಹತ್ತಿದ ಮೇಲೆ ನಾಬನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು, ಕಡ್ಡಿ ಕಾಯಬೇಕಲ್ಲ. ಆಗಲೂ ಆರಿದರೆ ಕಡ್ಡಿಗೆ ಮಸಿ ಹಿಡಿದಿರಬಹುದು, ಉರಿಯಿಂದ ದೂರ ಸರಿದಿರಬಹುದು, ಹಿಂದಿನ ನಟ್ಟು ಸಡಿಲವಾಗಿರಬಹುದು. ಮೆಲ್ಲಗೆ ಒರೆಸಿ, ಜಾಗಕ್ಕೆ ಕೂರಿಸಿ. ಆಗಲೂ ಆಗದಿದ್ದರೆ ಹೊಸದು ಹಾಕಿಸಿ. ನಾಬಿಗೆ ಕಡ್ಡಿ ಸಿಕ್ಕಿಸಿಯೋ ದಾರ ಕಟ್ಟಿಯೋ ಓವನ್ ಓಡಿಸುವ ಜಾಣರೂ ಇದ್ದಾರೆ. ಕಾವಲುಗಾರನ ಕೈಕಾಲು ಕಟ್ಟಿ ಮಲಗಿಸಿ ಅಂಗಡಿ ಬಾಗಿಲು ತೆರೆದಿಟ್ಟ ಹಾಗೆ.

ಕರೆಂಟಿನಿಂದ ತಾನೇ ಹತ್ತುವ ದೊಡ್ಡ ಓವನ್ನುಗಳಲ್ಲಿ ಕೆಲವಕ್ಕೆ ಇನ್ನೊಂದು ಕಾಯಿಲೆ. ಕಿಡಿ ಹಾರುತ್ತದೆ, ಹತ್ತುತ್ತದೆ, ಕೆಲವೇ ಸೆಕೆಂಡಿಗೆ ಬಂದ್ ಆಗಿ ಕೆಂಪು ದೀಪ ಬರುತ್ತದೆ. ಮೆಕ್ಯಾನಿಕ್ ಬಂದು ಎಲ್ಲ ನೋಡಿದರೂ ಗ್ಯಾಸಿನಲ್ಲಿ ತಪ್ಪಿಲ್ಲ. ಆಗ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ನೋಡಿಸಬೇಕು. ಉರಿ ಇದೆಯೋ ಇಲ್ಲವೋ ಎಂದು ಓವನ್ ತಿಳಿಯುವುದು ಉರಿಯ ಮೂಲಕ ಹರಿಯುವ ಸಣ್ಣ ಕರೆಂಟಿನಿಂದ. ಅರ್ಥಿಂಗ್ ಇಲ್ಲದಿದ್ದರೆ, ಕೆಲವು ಮಾದರಿಗಳಲ್ಲಿ ಫೇಸು ನ್ಯೂಟ್ರಲ್ಲು ಅದಲು ಬದಲಾಗಿದ್ದರೂ, ಎದುರಿಗೆ ಉರಿ ಇದ್ದರೂ ಅದರ ಕಣ್ಣಿಗೆ ಕಾಣದು.

ಚಳಿಗೆ ಸೊರಗುವ ಸಿಲಿಂಡರ್

ಹಾಸನಕ್ಕೆ ಬಡವರ ಊಟಿ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಗ್ಯಾಸೂ ಚಳಿಗೆ ಮುದುಡುತ್ತದೆ. ಸಿಲಿಂಡರಿನಲ್ಲಿ ಇರುವುದು ದ್ರವ, ಪ್ರೋಪೇನ್ ಮತ್ತು ಬ್ಯೂಟೇನ್ ಸೇರಿದ್ದು. ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿದು ಗ್ಯಾಸಾಗುತ್ತದೆ. ಬ್ಯೂಟೇನ್ ಕುದಿಯುವುದು ಸೊನ್ನೆಯ ಆಸುಪಾಸಿನಲ್ಲಿ. ಒಂದೇ ಸಿಲಿಂಡರಿನಿಂದ ದೊಡ್ಡ ಓವನ್ನಿಗೆ ಒಂದೇ ಸಮ ಗ್ಯಾಸ್ ಎಳೆದರೆ ಒಳಗಿನ ದ್ರವ ಇನ್ನೂ ತಣ್ಣಗಾಗಿ, ಸಿಲಿಂಡರಿನ ಹೊರಮೈಗೆ ಹಿಮ ಕಟ್ಟಿ, ಉರಿ ಸಣ್ಣಗಾಗುತ್ತದೆ. ಸಿಲಿಂಡರಿನಲ್ಲಿ ಇನ್ನೂ ಗ್ಯಾಸ್ ಇದ್ದರೂ ಖಾಲಿಯಾದ ಹಾಗೆ ಕಾಣುತ್ತದೆ.

ಆಗ ಕೆಲವರು ಸಿಲಿಂಡರನ್ನು ಕುದಿಯುವ ನೀರಿನಲ್ಲಿ ಇಡುತ್ತಾರೆ, ಕೆಲವರು ಅಡ್ಡ ಮಲಗಿಸುತ್ತಾರೆ, ತಲೆಕೆಳಗೂ ಮಾಡುತ್ತಾರೆ. ಇವೆಲ್ಲ ಪ್ರಾಣದ ಜೊತೆ ಆಟ. ಮಲಗಿಸಿದ ಸಿಲಿಂಡರಿನಿಂದ ಗ್ಯಾಸಿನ ಬದಲು ದ್ರವವೇ ಪೈಪಿಗೆ ಬಂದು, ಬರ್ನರಿನಲ್ಲಿ ಆಳೆತ್ತರದ ಉರಿ ಏಳುತ್ತದೆ. ಸರಿಯಾದ ದಾರಿ ಎಂದರೆ, ವ್ಯಾಪಾರಕ್ಕೆಂದೇ ಕೊಡುವ 19 ಕಿಲೋ ಸಿಲಿಂಡರುಗಳನ್ನು ಎರಡೋ ಮೂರೋ ಒಟ್ಟಿಗೆ ಜೋಡಿಸಿಕೊಳ್ಳುವುದು. ಭಾರ ಹಂಚಿಹೋಗುತ್ತದೆ, ಹಿಮ ಕಟ್ಟುವುದಿಲ್ಲ. ಮನೆಯ 14.2 ಕಿಲೋ ಸಿಲಿಂಡರನ್ನು ಅಂಗಡಿಯಲ್ಲಿ ಉರಿಸುವುದು ಕಾನೂನಿಗೂ ವಿರೋಧ.

ವಾಸನೆ ಬಂದರೆ ಕಥೆ ಬೇರೆ

ಇಲ್ಲಿಯವರೆಗೆ ಹೇಳಿದ್ದು ಕೊಳೆಯ ಕಾಯಿಲೆ. ಇದನ್ನು ಬ್ರಷ್ಷು ಬಟ್ಟೆಯಿಂದ ಯಾರೂ ಸರಿಮಾಡಿಕೊಳ್ಳಬಹುದು. ಆದರೆ ನಾಬೆಲ್ಲ ಬಂದ್ ಇದ್ದೂ ಗ್ಯಾಸಿನ ವಾಸನೆ ಬರುತ್ತಿದ್ದರೆ ಅದು ಸೋರಿಕೆ. ಅದರ ಹತ್ತಿರ ಬ್ರಷ್ಷೂ ಬೇಡ, ಬುದ್ಧಿವಂತಿಕೆಯೂ ಬೇಡ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದೇ ಮರ್ಕಾಪ್ಟನ್ ಎಂಬ ದುರ್ವಾಸನೆಯ ವಸ್ತು ಬೆರೆಸಿರುತ್ತಾರೆ. ಆ ವಾಸನೆಯೇ ಎಚ್ಚರಿಕೆ ಗಂಟೆ.

ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಯಾವ ಸ್ವಿಚ್ಚನ್ನೂ ಮುಟ್ಟದೆ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ಈ ನಂಬರು 24 ಗಂಟೆಯೂ ಇರುತ್ತದೆ. ಫೋನ್ ಮಾಡುವುದು ಹೊರಗೆ ಬಂದ ಮೇಲೆ, ಒಳಗಿಂದಲ್ಲ. ಜಾಯಿಂಟು ಸೋರುತ್ತದೆಯೇ ಎಂಬ ಅನುಮಾನ ಇದ್ದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು. ಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಇದೆ. ಅದು ಮನೆ ಸುಡುವ ಅಭ್ಯಾಸ. ಮನೆಯ ಒಲೆಯ ಪೈಪ್ ಐ.ಎಸ್.ಐ. ಗುರುತಿನ ಸುರಕ್ಷಾ ಪೈಪೇ ಆಗಿರಲಿ. ಅದರ ಆಯಸ್ಸು ಐದು ವರ್ಷ. ನೋಡಲು ಚೆನ್ನಾಗಿದೆ ಎಂದು ಹತ್ತು ವರ್ಷ ಇಟ್ಟುಕೊಳ್ಳುವುದಲ್ಲ.

ಸುಟ್ಟ ಕೈಗೂ ಒಂದು ಮಾತು. ಅಂದು ಬೇಕರಿಯಲ್ಲಿ ಹುಡುಗನ ಕೈಗೆ ಮೊದಲು ಹಚ್ಚಿದ್ದು ಪೇಸ್ಟು. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಅವನು ಪಟ್ಟ ಪಾಡು ಬೆಂಕಿ ತಗುಲಿದಾಗಿನದಕ್ಕಿಂತ ಹೆಚ್ಚು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಪೇಸ್ಟು, ಇಂಕು, ಹಿಟ್ಟು, ಐಸು ಯಾವುದೂ ಬೇಡ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ನಮ್ಮ ಹಳೇ ಚಾಳಿ. ಜಿಲ್ಲೆಯ ಬೇಕರಿ, ಹೋಟೆಲುಗಳಲ್ಲಿ ಬೆಳಗಿನ ಜಾವ ಒಲೆ ಹತ್ತಿಸುವವರು ಬಹುಪಾಲು ಹಳ್ಳಿಯಿಂದ ಬಂದ ಹುಡುಗರು. ಹಿಟ್ಟು ನಾದುವುದನ್ನು, ಲೆಕ್ಕ ಬರೆಯುವುದನ್ನು ಅವರಿಗೆ ಹೇಳಿಕೊಡುವ ಮಾಲೀಕರು ಒಲೆ ಹತ್ತದಿದ್ದರೆ ಏನು ಮಾಡಬೇಕೆಂದು ಮಾತ್ರ ಹೇಳಿಕೊಡುವುದಿಲ್ಲ. ಹೇಳಲು ಐದು ನಿಮಿಷವೂ ಬೇಡ.

ಬಿ.ಎಂ. ರಸ್ತೆಯ ಆ ಬೇಕರಿಯಲ್ಲಿ ಈಗ ಪ್ರತಿ ಭಾನುವಾರ ಬರ್ನರ್ ಬಿಚ್ಚಿ ತಿಕ್ಕುತ್ತಾರೆ. ಹದಿನೈದು ದಿನ ಬಿಟ್ಟು ಹುಡುಗ ಕೆಲಸಕ್ಕೆ ಬಂದ. ಹುಬ್ಬು ಚಿಗುರುತ್ತಿದೆ. ಓವನ್ ಪಕ್ಕದ ಗೋಡೆಯ ಮೇಲೆ ಮಾಲೀಕರೇ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದಾರೆ: "ಹತ್ತಲಿಲ್ವಾ? ನಾಬ್ ಬಂದ್. ಬಾಗಿಲು ತೆಗಿ. ಐದು ನಿಮಿಷ ಸುಮ್ನಿರು. ಬನ್ನು ಲೇಟಾದ್ರೆ ಬೈಯಲ್ಲ."

ಕೊನೆಯ ಸಾಲನ್ನು ಬರೆದದ್ದು ಮೇಸ್ತ್ರಿ ಹೇಳಿದ ಮೇಲೆ. "ಅದಿಲ್ದೆ ಇದ್ರೆ ಮೇಲಿನ ಮೂರನ್ನೂ ಯಾವ ಹುಡುಗನೂ ಮಾಡಲ್ಲ ಸ್ವಾಮಿ" ಎಂದರಂತೆ.